ಯಾರ ಗಡಿಯಾರದ ಪ್ರಕಾರ ಲೇಟು?

(1/8)

ಫ್ರೆಂಡ್ಸ್, ಮೊದಲನೇ ಇಂಟರ್ನಲ್ಸ್‌ನಲ್ಲಿ ನಾನು ಒಂದು ಪೇಪರ್ ಬರೀಲಿಲ್ಲ ಅನ್ನೋದು ಕ್ಲಾಸಲ್ಲಿ ಎಲ್ಲರಿಗೂ ಗೊತ್ತು. ಯಾಕೆ ಅನ್ನೋದು ಮೂರು ಮತ್ತೊಬ್ಬರಿಗಷ್ಟೇ ಗೊತ್ತು. ಇವತ್ತು ಹೇಳ್ತೀನಿ.

ಹಾಲ್ ಬಾಗಿಲಿಗೆ ಬಂದಾಗ ನನ್ನ ಫೋನಲ್ಲಿ 9:57. ಬಾಗಿಲ ಮೇಲಿರೋ ಗೋಡೆ ಗಡಿಯಾರದಲ್ಲಿ 10:03. ಬಾಗಿಲು ಹಾಕಿಯಾಗಿತ್ತು. "ಸರ್, ಇನ್ನೂ ಮೂರು ನಿಮಿಷ ಇದೆ" ಅಂತ ಫೋನ್ ತೋರಿಸಿದೆ. "ಮೊದಲು ಫೋನ್ ಒಳಗಿಡು" ಅಂದ್ರು. ಆಮೇಲೆ ಒಂದೇ ಉಸಿರಲ್ಲಿ ಬಂತು ನೋಡಿ: "ಟೆನ್ ಓ ಕ್ಲಾಕ್ ಅಂದ್ರೆ ಆನ್ ದ ಡಾಟ್. ಇಲೆವೆಂತ್ ಅವರ್‌ನಲ್ಲಿ ಓಡಿ ಬಂದು ವಾದ ಮಾಡ್ಬೇಡ. ಡೆಡ್‌ಲೈನ್ ಅಂದ್ರೆ ಡೆಡ್‌ಲೈನ್."

ಇಪ್ಪತ್ತು ಮಾರ್ಕ್ಸ್ ಹೋಯ್ತು. ಮನೆಗೆ ಬಂದು ಸ್ವಲ್ಪ ಅತ್ತೆ, ಸುಳ್ಳು ಯಾಕೆ ಹೇಳಲಿ. ಆದ್ರೆ ರಾತ್ರಿ ಮಲಗಿದಾಗ ಆ ನಾಲ್ಕು ಮಾತುಗಳೇ ಕಿವಿಯಲ್ಲಿ ಸುತ್ತುತ್ತಿದ್ದವು. ಓ ಕ್ಲಾಕ್, ಡಾಟ್, ಇಲೆವೆಂತ್ ಅವರ್, ಡೆಡ್‌ಲೈನ್. ದಿನಾ ಕೇಳೋ ಮಾತುಗಳು. ಒಂದರ ಹುಟ್ಟೂ ನನಗೆ ಗೊತ್ತಿರಲಿಲ್ಲ. ಹುಡುಕಿ ಓದೋಕೆ ಕೂತೆ, ಎರಡು ವಾರ ಓದಿದೆ. ಇದು ಸರ್ ಮೇಲೆ ಕೋಪ ತೀರಿಸಿಕೊಳ್ಳೋ ಪೋಸ್ಟ್ ಅಲ್ಲ. ಆ ಮಾತುಗಳ ಒಳಗಡೆ ಸಿಕ್ಕಿದ್ದನ್ನು ನಿಮಗೂ ತೋರಿಸಬೇಕು ಅನ್ನಿಸ್ತು, ಅಷ್ಟೇ. ಎಂಟು ಪೋಸ್ಟ್ ಇದೆ. ಚಹಾ ಹಿಡ್ಕೊಂಡು ಕೂತ್ಕೊಳ್ಳಿ.

(2/8)

"ಟೆನ್ ಓ ಕ್ಲಾಕ್"ನಲ್ಲಿರೋ ಆ "ಓ" ಏನು ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ನಾನಂತೂ ಇಲ್ಲ. ಅದು "ಆಫ್ ದ ಕ್ಲಾಕ್" ಅನ್ನೋದು ಬಾಯಲ್ಲಿ ಸವೆದು ಉಳಿದ ಚೂರು. ಅಂದ್ರೆ "ಗಡಿಯಾರದ ಹತ್ತು". ಹಾಗೆ ಬಿಡಿಸಿ ಯಾಕೆ ಹೇಳಬೇಕಿತ್ತು? ಸೂರ್ಯನ ಹತ್ತು ಅಂತ ಇನ್ನೊಂದು ಇತ್ತಲ್ಲ, ಅದಕ್ಕೆ. ಹಳೇ ಇಂಗ್ಲೆಂಡಿನ ಜನ ನೆರಳು ಗಡಿಯಾರ ನೋಡಿಯೂ ಹೊತ್ತು ಹೇಳುತ್ತಿದ್ದರು, ಚರ್ಚಿನ ಯಂತ್ರ ಕೇಳಿಯೂ ಹೇಳುತ್ತಿದ್ದರು. ಎರಡೂ ಒಂದೇ ಹೇಳಬೇಕು ಅಂತೇನಿಲ್ಲ. ಹಾಗಾಗಿ ಯಾವುದರ ಹತ್ತು ಅನ್ನೋದನ್ನೂ ಸೇರಿಸಿಯೇ ಹೇಳೋದು ವಾಡಿಕೆ ಆಯ್ತು. ಈ ಚೂರನ್ನು ಜೇಬಲ್ಲಿ ಇಟ್ಕೊಂಡಿರಿ, ಕೊನೇವರೆಗೂ ಬೇಕಾಗುತ್ತೆ.

"ಕ್ಲಾಕ್" ಅನ್ನೋ ಪದದ ಮೂಲ ಮಧ್ಯಯುಗದ ಲ್ಯಾಟಿನ್ನಿನ "ಕ್ಲೊಕ್ಕಾ". ಹಾಗಂದ್ರೆ ಗಂಟೆ, ಬಾರಿಸೋ ಗಂಟೆ. ಇದನ್ನು ಓದಿದಾಗ ನಾನು ಎದ್ದು ಕೂತೆ. ನಾವೂ "ಹತ್ತು ಗಂಟೆ" ಅಂತೀವಲ್ಲ! ದೇವಸ್ಥಾನದಲ್ಲಿ ಹೊಡೆಯೋದೂ ಗಂಟೆ, ಕೈಗಡಿಯಾರದಲ್ಲಿ ನೋಡೋದೂ ಗಂಟೆ. ಎರಡೂ ಕಡೆ ಸಮಯ ಅನ್ನೋದು ಮೊದಲು ಕಣ್ಣಿಗೆ ಕಾಣಲಿಲ್ಲ, ಕಿವಿಗೆ ಕೇಳಿಸಿತು. ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೀಡ್ರಲ್‌ನಲ್ಲಿ 1386ರ ಸುಮಾರಿನದು ಅಂತ ಹೇಳೋ ಒಂದು ಕಬ್ಬಿಣದ ಗಡಿಯಾರ ಈಗಲೂ ಇದೆ. ಅದಕ್ಕೆ ಮುಖವೇ ಇಲ್ಲ. ಮುಳ್ಳೂ ಇಲ್ಲ, ಅಂಕಿಯೂ ಇಲ್ಲ. ಗಂಟೆ ಬಾರಿಸೋದಷ್ಟೇ ಅದರ ಕೆಲಸ.

ಮುಖ ಬಂದಮೇಲೂ ಬಹಳ ಕಾಲ ಗಂಟೆಯ ಮುಳ್ಳೊಂದೇ ಇತ್ತು. ನಿಮಿಷದ ಮುಳ್ಳು ಹಾಕಿ ಏನು ಪ್ರಯೋಜನ, ಗಡಿಯಾರವೇ ದಿನಕ್ಕೆ ಸುಮಾರು ಕಾಲು ಗಂಟೆ ಹೆಚ್ಚುಕಮ್ಮಿ ಆಗ್ತಿತ್ತು. 1656ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಲೋಲಕದ ಗಡಿಯಾರ ಮಾಡಿದ. ತಪ್ಪು ಕಾಲು ಗಂಟೆಯಿಂದ ಕೆಲವು ಸೆಕೆಂಡಿಗೆ ಇಳಿಯಿತು. ನಿಮಿಷದ ಮುಳ್ಳು ಮನೆಮನೆ ಗಡಿಯಾರಕ್ಕೆ ಬಂದಿದ್ದು ಅದಾದಮೇಲೆ.

ಈಗ "ಪಂಕ್ಚುಯಲ್" ಪದ ನೋಡಿ. ಅದರ ತಾಯಿಬೇರು ಲ್ಯಾಟಿನ್ನಿನ "ಪುಂಕ್ಟುಮ್", ಚುಚ್ಚಿದ ಗುರುತು, ಚುಕ್ಕಿ. ನಮ್ಮ ಸೈಕಲ್ ಪಂಕ್ಚರ್ ಇದೇ ಮನೆಯದು, ಇಬ್ಬರೂ ಅಕ್ಕತಂಗಿಯರು. (ಟೈರ್ ಪಂಕ್ಚರ್ ಆಗಿ ಪಂಕ್ಚುಯಲ್ ಆಗದೇ ಹೋದವರು ಕಾಮೆಂಟಲ್ಲಿ ಕೈ ಎತ್ತಿ.) ಮೊದಲು ಆ ಪದಕ್ಕೂ ಸಮಯಕ್ಕೂ ಅಂಥ ನಂಟಿರಲಿಲ್ಲ. ಸಣ್ಣ ಸಣ್ಣ ವಿಷಯಕ್ಕೂ ಪಟ್ಟು ಹಿಡಿಯೋ ಮನುಷ್ಯನನ್ನು ಪಂಕ್ಚುಯಲ್ ಅನ್ನುತ್ತಿದ್ದರು. "ಹೇಳಿದ ಹೊತ್ತಿಗೆ ಸರಿಯಾಗಿ ಬರುವವನು" ಅನ್ನೋ ಅರ್ಥ ಬಂದಿದ್ದು 17ನೇ ಶತಮಾನದ ಕೊನೆಯ ಭಾಗದಲ್ಲಿ. ನಿಮಿಷದ ಮುಳ್ಳು ಬಂದ ಕಾಲವೂ ಅದೇ! ನಿಮಿಷ ಕಾಣಿಸೋಕೆ ಶುರುವಾದಮೇಲೇ ನಿಮಿಷ ತಪ್ಪಿಸಿದವನೂ ಕಾಣಿಸೋಕೆ ಶುರುವಾಗಿದ್ದು.

"ಆನ್ ದ ಡಾಟ್" ಇದೇ ಚುಕ್ಕಿಯ ಮೊಮ್ಮಗು. ಗಡಿಯಾರದ ಮುಖದ ಅಂಚಲ್ಲಿ ನಿಮಿಷಕ್ಕೊಂದು ಚುಕ್ಕಿ ಇರುತ್ತಲ್ಲ, ಮುಳ್ಳು ಸರಿಯಾಗಿ ಅದರ ಮೇಲೆ ಕೂತಾಗ ಆನ್ ದ ಡಾಟ್. ತುಂಬ ಹಳೆಯದೇನಲ್ಲ, 20ನೇ ಶತಮಾನದ ಶುರುವಿನ ಮಾತು.

(3/8)

"ಇನ್ ದ ನಿಕ್ ಆಫ್ ಟೈಮ್" ನನಗೆ ಯಾರೂ ಹೇಳಲಿಲ್ಲ, ಯಾಕಂದ್ರೆ ನಾನು ಆ ಪೈಕಿ ಅಲ್ಲ. ಕೂದಲೆಳೆಯಷ್ಟರಲ್ಲಿ ಸರಿಯಾದ ಹೊತ್ತಿಗೆ ತಲುಪಿದವರಿಗೆ ಹೇಳೋ ಮಾತು ಅದು. "ನಿಕ್" ಅಂದ್ರೆ ಚಾಕುವಿನಲ್ಲಿ ಮಾಡಿದ ಕಚ್ಚು. ಕೋಲಿನ ಮೇಲೆ ಕಚ್ಚು ಹಾಕಿ ಲೆಕ್ಕ ಇಡೋ ಪದ್ಧತಿ ಇಂಗ್ಲೆಂಡಲ್ಲಿ ನೂರಾರು ವರ್ಷ ಇತ್ತು. ಸರ್ಕಾರದ ಖಜಾನೆಯೇ ಹಾಗೆ ಲೆಕ್ಕ ಇಡುತ್ತಿತ್ತು. 1826ರಲ್ಲಿ ಅದನ್ನು ನಿಲ್ಲಿಸಿದರು. ಉಳಿದ ಗಾಡಿಗಟ್ಟಲೆ ಕೋಲುಗಳನ್ನು 1834ರ ಅಕ್ಟೋಬರ್ 16ರಂದು ಪಾರ್ಲಿಮೆಂಟಿನ ಒಲೆಗೆ ತುಂಬಿ ಸುಡೋಕೆ ಹೋಗಿ, ಪಾರ್ಲಿಮೆಂಟ್ ಕಟ್ಟಡವೇ ಬಹುಪಾಲು ಸುಟ್ಟುಹೋಯಿತು. ನಂಬಿ, ಇದು ಕಥೆಯಲ್ಲ. ಈಗ ಟಿವಿಯಲ್ಲಿ ನೋಡ್ತೀವಲ್ಲ ಲಂಡನ್ ಪಾರ್ಲಿಮೆಂಟ್, ಅದು ಆಮೇಲೆ ಕಟ್ಟಿದ್ದು.

ಅಳತೆಯ ಕಚ್ಚಿಗೆ ಸರಿಯಾಗಿ ಕೂರೋದು ಅನ್ನೋದರಿಂದ "ಸರಿಯಾದ ಕ್ಷಣ" ಅನ್ನೋ ಅರ್ಥ 16ನೇ ಶತಮಾನದಲ್ಲಿ ಬಂತು. "ಆಫ್ ಟೈಮ್" ಅನ್ನೋ ಬಾಲ ಅಂಟಿಕೊಂಡಿದ್ದು ಇನ್ನೂ ಆಮೇಲೆ. ಅದೇ 16ನೇ ಶತಮಾನದಲ್ಲಿ ಇದಕ್ಕೊಂದು ರುಚಿಯಾದ ಜೊತೆಗಾರ ಇದ್ದ: "ಇನ್ ಪುಡ್ಡಿಂಗ್ ಟೈಮ್". ಸರಿಯಾಗಿ ಊಟಕ್ಕೆ ಬಡಿಸೋ ಹೊತ್ತಿಗೆ ಬಂದ ಅಂತ. ಆ ಮಾತು ಸತ್ತುಹೋಗಿದ್ದು ನಷ್ಟ ಅಂತ ನನ್ನ ಅಭಿಪ್ರಾಯ. ನಮ್ಮ ಹಾಸ್ಟೆಲ್ ಹುಡುಗರ ಪಂಕ್ಚುಯಾಲಿಟಿಗೆ ಅದಕ್ಕಿಂತ ಒಳ್ಳೇ ಹೆಸರು ಸಿಗಲ್ಲ.

(4/8)

"ಇಲೆವೆಂತ್ ಅವರ್". ನಾನು ಇಷ್ಟು ದಿನ ಇದನ್ನು ರಾತ್ರಿ ಹನ್ನೊಂದು ಗಂಟೆ ಅಂದ್ಕೊಂಡಿದ್ದೆ. ಹನ್ನೆರಡಕ್ಕೆ ಮುಗಿಯುತ್ತೆ, ಹನ್ನೊಂದಕ್ಕೆ ಎದ್ದ, ಹಾಗೆ. ಅಲ್ಲವಂತೆ.

ಇದು ಬೈಬಲ್‌ನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಿಂದ ಬಂದದ್ದು. ಅಲ್ಲಿ ಯೇಸು ಹೇಳೋ ಒಂದು ಸಾಮತಿ ಇದೆ. ದ್ರಾಕ್ಷಿ ತೋಟದ ಯಜಮಾನ ಬೆಳಗಾಗೆದ್ದು ಕೂಲಿಯವರನ್ನು ಕರೆದು, ದಿನಕ್ಕೆ ಒಂದು ಬೆಳ್ಳಿ ನಾಣ್ಯ ಅಂತ ಮಾತಾಡಿ ತೋಟಕ್ಕೆ ಕಳಿಸ್ತಾನೆ. ಮೂರನೇ ತಾಸಿಗೆ ಪೇಟೆಗೆ ಬಂದು ಇನ್ನೂ ಕೆಲವರನ್ನು ಕರೀತಾನೆ. ಆರನೇ ತಾಸಿಗೆ, ಒಂಬತ್ತನೇ ತಾಸಿಗೆ ಮತ್ತೂ ಕೆಲವರನ್ನು. ಕೊನೆಗೆ ಹನ್ನೊಂದನೇ ತಾಸಿಗೆ ಬಂದಾಗಲೂ ಜನ ನಿಂತೇ ಇರ್ತಾರೆ. ಆಗ ತಾಸು ಎಣಿಸ್ತಿದ್ದಿದ್ದು ಸೂರ್ಯ ಹುಟ್ಟಿದಾಗಿನಿಂದ, ಹಗಲಿಗೆ ಹನ್ನೆರಡು ತಾಸು. ಅಂದ್ರೆ ಹನ್ನೊಂದನೇ ತಾಸು ಸಂಜೆ ಐದರ ಆಸುಪಾಸು. ಸೂರ್ಯ ಮುಳುಗೋಕೆ ಒಂದು ತಾಸು ಬಾಕಿ.

ಇಡೀ ದಿನ ಸುಮ್ಮನೆ ಯಾಕೆ ನಿಂತಿದ್ದೀರಿ ಅಂತ ಯಜಮಾನ ಕೇಳ್ತಾನೆ. ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಅಂತ ಅವರ ಉತ್ತರ. ಸರಿ, ನೀವೂ ಹೋಗಿ ಅಂತಾನೆ. ಸಂಜೆ ಕೂಲಿ ಹಂಚುವಾಗ ಕೊನೆಗೆ ಬಂದವರಿಗೇ ಮೊದಲು ಕೊಡ್ತಾನೆ, ಅದೂ ಪೂರ್ತಿ ಒಂದು ನಾಣ್ಯ! ಬಿಸಿಲಲ್ಲಿ ಇಡೀ ದಿನ ದುಡಿದವರಿಗೂ ಅಷ್ಟೇ. ಅವರು ಗೊಣಗ್ತಾರೆ. ಗೊಣಗಿದ್ದು ತಪ್ಪು ಅಂತ ನನಗೆ ಅನ್ನಿಸಲ್ಲ, ಅವರ ಜಾಗದಲ್ಲಿ ನಾನಿದ್ರೂ ಗೊಣಗ್ತಿದ್ದೆ. ಆದ್ರೆ ಕಥೆ ನಿಂತಿರೋದು ಕೊನೆಗೆ ಬಂದವರ ಪಕ್ಕ. ಅವರು ಸೋಮಾರಿಗಳಲ್ಲ. ಬೆಳಗ್ಗೆಯಿಂದ ಪೇಟೆಯಲ್ಲೇ ಇದ್ದರು, ಕರೆಯೋರು ಇರಲಿಲ್ಲ. ನಮ್ಮೂರ ಸರ್ಕಲ್ಲಲ್ಲಿ ಬುತ್ತಿ ಚೀಲ ಹಿಡ್ಕೊಂಡು ಗಾರೆ ಕೆಲಸಕ್ಕೆ ಕಾಯೋರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಡವಾಗಿ ಬಂದವನಿಗೂ ಪೂರ್ತಿ ಕೂಲಿ ಸಿಕ್ಕ ಕಥೆಯ ಮಾತು, ಈಗ ತಡವಾಗಿ ಬಂದವನಿಗೆ ಬಯ್ಯೋ ಮಾತಾಗಿದೆ. ನಗು ಬರುತ್ತಲ್ವಾ?

ನಾವು ಕನ್ನಡದಲ್ಲಿ "ಕೊನೇ ಗಳಿಗೆ" ಅಂತೀವಲ್ಲ, ಅದರ ಅಳತೆಯೂ ಗೊತ್ತಿರಲಿ. ಒಂದು ಗಳಿಗೆ ಅಂದ್ರೆ 24 ನಿಮಿಷ, ದಿನಕ್ಕೆ 60 ಗಳಿಗೆ. ತಳದಲ್ಲಿ ಸಣ್ಣ ತೂತಿರೋ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡೋರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ.

(5/8)

"ಡೆಡ್‌ಲೈನ್". ಇದನ್ನು ಬರೆಯೋವಾಗ ಕೈ ಸ್ವಲ್ಪ ನಿಧಾನ ಆಯ್ತು.

ಇದು ಅಮೆರಿಕದ ಅಂತರ್ಯುದ್ಧದ ಪದ. ಜಾರ್ಜಿಯಾ ರಾಜ್ಯದ ಆಂಡರ್ಸನ್‌ವಿಲ್‌ನಲ್ಲಿ 1864ರ ಫೆಬ್ರವರಿಯಲ್ಲಿ ದಕ್ಷಿಣದವರು ಉತ್ತರದ ಸೈನಿಕರಿಗೆ ಒಂದು ಸೆರೆ ಶಿಬಿರ ತೆರೆದರು. ಸುತ್ತ ಎತ್ತರದ ಮರದ ದಿಮ್ಮಿಗಳ ಗೋಡೆ. ಗೋಡೆಯ ಒಳಗಡೆ ಸುಮಾರು 19 ಅಡಿ ದೂರದಲ್ಲಿ, ಗೂಟ ನೆಟ್ಟು ಪಟ್ಟಿ ಹೊಡೆದ ಒಂದು ಸಾಧಾರಣ ಬೇಲಿ. ಆ ಬೇಲಿಯ ಹೆಸರೇ ಡೆಡ್‌ಲೈನ್. ಅದನ್ನು ದಾಟಿದರೆ ಮೇಲಿಂದ ಕಾವಲುಗಾರ ಗುಂಡು ಹೊಡೆಯುತ್ತಿದ್ದ. ಎಚ್ಚರಿಕೆ ಇಲ್ಲ, ವಿಚಾರಣೆ ಇಲ್ಲ. ಹದಿನಾಲ್ಕು ತಿಂಗಳಲ್ಲಿ ಆ ಶಿಬಿರಕ್ಕೆ ಸುಮಾರು 45,000 ಸೈನಿಕರು ಬಂದರು. ಹತ್ತಿರ ಹತ್ತಿರ 13,000 ಜನ ಅಲ್ಲೇ ಸತ್ತರು, ಹೆಚ್ಚಿನವರು ಹಸಿವು, ಭೇದಿ, ಕೊಳಕು ನೀರಿನಿಂದ. ಯುದ್ಧ ಮುಗಿದಮೇಲೆ ಶಿಬಿರದ ಅಧಿಕಾರಿ ಹೆನ್ರಿ ವಿರ್ಜ್‌ನ ವಿಚಾರಣೆ ನಡೆಯಿತು. 1865ರ ನವೆಂಬರ್ 10ರಂದು ಗಲ್ಲಿಗೇರಿಸಿದರು. ಆ ವಿಚಾರಣೆಯ ವರದಿಗಳಿಂದಲೇ ಡೆಡ್‌ಲೈನ್ ಅನ್ನೋ ಪದ ದೇಶದ ಬಾಯಿಗೆ ಬಿದ್ದಿದ್ದು.

ಸೆರೆಮನೆಯಿಂದ ಪದ ಅಚ್ಚುಮನೆಗೆ ಹೋಯ್ತು. ಮುದ್ರಣ ಯಂತ್ರದ ಹಾಸಿನ ಮೇಲೆ ಒಂದು ಗೆರೆ, ಅದರಾಚೆ ಜೋಡಿಸಿದ ಅಕ್ಷರ ಅಚ್ಚಾಗಲ್ಲ. ಅಲ್ಲಿಂದ ಪತ್ರಿಕೆ ಕಚೇರಿಗೆ: ಇಷ್ಟು ಹೊತ್ತಿನೊಳಗೆ ಸುದ್ದಿ ಬರಲಿಲ್ಲ ಅಂದ್ರೆ ನಾಳೆ ಪೇಪರಲ್ಲಿ ಇಲ್ಲ. 1920ರ ಹೊತ್ತಿಗೆ "ಡೆಡ್‌ಲೈನ್ ಅಟ್ ಇಲೆವೆನ್" ಅನ್ನೋ ಮೂಕಿ ಸಿನಿಮಾನೇ ಬಂತು, ಪತ್ರಿಕೆ ಕಚೇರಿಯ ಕಥೆ. ನೆಲದ ಮೇಲಿನ ಗೆರೆ ಗಡಿಯಾರದ ಮೇಲಿನ ಗೆರೆ ಆಗೋಕೆ ಅರವತ್ತು ವರ್ಷವೂ ಹಿಡೀಲಿಲ್ಲ.

ನಮ್ಮಲ್ಲಿ "ಗಡುವು" ಅಂತ ಒಳ್ಳೇ ಪದ ಇದೆ. ಗಡುವು ದಾಟಿದ್ರೆ ದಂಡ ಕಟ್ಟಬಹುದು. ನಾನು ಇನ್ಮೇಲೆ ಅಸೈನ್‌ಮೆಂಟಿಗೆ ಗಡುವು ಅಂತಲೇ ಹೇಳೋದು.

(6/8)

ಈಗ ಜೇಬಿಂದ ಆ "ಓ" ತೆಗೀರಿ. ಯಾವುದರ ಹತ್ತು ಗಂಟೆ?

ರೈಲು ಬರೋಕೆ ಮುಂಚೆ ಇಂಗ್ಲೆಂಡಿನ ಪ್ರತಿ ಊರಿಗೂ ತನ್ನದೇ ಸಮಯ ಇತ್ತು. ತಲೆ ಮೇಲೆ ಸೂರ್ಯ ಬಂದಾಗ ಮಧ್ಯಾಹ್ನ ಹನ್ನೆರಡು, ಮುಗೀತು. ಬ್ರಿಸ್ಟಲ್ ಲಂಡನ್ನಿಗಿಂತ ಪಶ್ಚಿಮಕ್ಕಿದೆ, ಹಾಗಾಗಿ ಅಲ್ಲಿ ಹನ್ನೆರಡು ಆಗೋದು ಸುಮಾರು 10 ನಿಮಿಷ ತಡ. ಆಕ್ಸ್‌ಫರ್ಡ್ 5 ನಿಮಿಷ ತಡ. ಕುದುರೆಗಾಡಿಯಲ್ಲಿ ಹೋಗೋರಿಗೆ ಇದರಿಂದ ಏನೂ ಆಗ್ತಿರಲಿಲ್ಲ. ರೈಲಿನ ವೇಳಾಪಟ್ಟಿಗೆ ಆಯ್ತು. 1840ರ ನವೆಂಬರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ತನ್ನ ಎಲ್ಲ ಸ್ಟೇಷನ್‌ಗಳಲ್ಲೂ ಲಂಡನ್ ಸಮಯವನ್ನೇ ಇಟ್ಟಿತು. ಉಳಿದ ಕಂಪನಿಗಳೂ ಒಂದೊಂದಾಗಿ ಹಿಂದೆ ಬಂದವು. ಊರಲ್ಲಿ ಒಂದು ಸಮಯ, ಸ್ಟೇಷನ್ನಲ್ಲಿ ಇನ್ನೊಂದು. ಬ್ರಿಸ್ಟಲ್ಲಿನ ಕಾರ್ನ್ ಎಕ್ಸ್‌ಚೇಂಜ್ ಕಟ್ಟಡದ ಗಡಿಯಾರಕ್ಕೆ ಈಗಲೂ ಎರಡು ನಿಮಿಷದ ಮುಳ್ಳುಗಳಿವೆ, ಒಂದು ಊರಿಗೆ, ಒಂದು ಲಂಡನ್ನಿಗೆ. ಫೋಟೋ ಹುಡುಕಿ ನೋಡಿ, ಚೆನ್ನಾಗಿದೆ. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಟಾಮ್ ಟವರ್ ಗಂಟೆ ರಾತ್ರಿ 9:05ಕ್ಕೆ 101 ಸಲ ಬಾರಿಸುತ್ತೆ. ಯಾಕೆ 9:05? ಹಳೇ ಆಕ್ಸ್‌ಫರ್ಡ್ ಸಮಯದಲ್ಲಿ ಅದು ಸರಿಯಾಗಿ ಒಂಬತ್ತು!

ಈಗ ನನ್ನ ಕಥೆಗೆ ಹತ್ತಿರದ ಕಥೆ. 1858ರ ನವೆಂಬರ್, ಇಂಗ್ಲೆಂಡಿನ ದಕ್ಷಿಣದ ಡಾರ್ಚೆಸ್ಟರ್ ಊರಿನ ಕೋರ್ಟು. ಕರ್ಟಿಸ್ ಮತ್ತು ಮಾರ್ಚ್ ಅನ್ನೋರ ನಡುವಿನ ಮೊಕದ್ದಮೆ. ವಿಚಾರಣೆ ಹತ್ತು ಗಂಟೆಗೆ. ಕೋರ್ಟಿನ ಗಡಿಯಾರ ಗ್ರೀನಿಚ್ ಸಮಯಕ್ಕೆ ಇಟ್ಟಿದ್ದು. ಅದರಲ್ಲಿ ಹತ್ತು ಆಯ್ತು, ನ್ಯಾಯಾಧೀಶರು ಕೂತರು. ಪ್ರತಿವಾದಿಯ ಕಡೆಯವರು ಇಲ್ಲ. ವಾದಿ ಗೆದ್ದ ಅಂತ ತೀರ್ಪು ಕೊಟ್ಟೇಬಿಟ್ಟರು. ಕೆಲವೇ ನಿಮಿಷಕ್ಕೆ ಪ್ರತಿವಾದಿಯ ಕಡೆಯವರು ಬಂದರು. ಊರಿನ ಗಡಿಯಾರದ ಪ್ರಕಾರ ನಾವು ಸರಿಯಾದ ಸಮಯಕ್ಕೇ ಬಂದಿದ್ದೀವಿ ಅಂತ ವಾದ ಹೂಡಿದರು. ಡಾರ್ಚೆಸ್ಟರ್ ಸಮಯ ಗ್ರೀನಿಚ್‌ಗಿಂತ ಸುಮಾರು 10 ನಿಮಿಷ ಹಿಂದೆ.

ಮೇಲಿನ ಕೋರ್ಟಿಗೆ ಹೋಯ್ತು. ಅಲ್ಲಿನ ನ್ಯಾಯಾಧೀಶರು ಏನಂದರು ಗೊತ್ತಾ? ಹತ್ತು ಗಂಟೆ ಅಂದ್ರೆ ಆ ಊರಿನ ಹತ್ತು ಗಂಟೆ, ಗ್ರೀನಿಚ್‌ನದಲ್ಲ. ತೀರ್ಪು ರದ್ದು, ಮತ್ತೆ ವಿಚಾರಣೆ ಮಾಡಿ.

ಇದನ್ನು ಓದಿದ ರಾತ್ರಿ ಎಷ್ಟು ಖುಷಿಯಾಯ್ತು ಅಂದ್ರೆ, ಅಮ್ಮ ಎದ್ದು ಬಂದು ಯಾರ ಜೊತೆ ಮಾತಾಡ್ತಿದ್ದೀಯಾ ಅಂತ ಕೇಳಿದ್ರು. ಇಡೀ ಬ್ರಿಟನ್ನಿಗೆ ಗ್ರೀನಿಚ್ ಸಮಯವೇ ಕಾನೂನು ಅಂತ ಪಾರ್ಲಿಮೆಂಟ್ ಹೇಳಿದ್ದು 1880ರಲ್ಲಿ. ಅಂದ್ರೆ ರೈಲ್ವೆ ಶುರು ಮಾಡಿ ನಲವತ್ತು ವರ್ಷದ ಮೇಲೆ.

(7/8)

ಆದ್ರೆ ಕೋರ್ಟಿಗೆ ಹೋಗೋ ತಾಕತ್ತು ಎಲ್ಲರಿಗೂ ಇರಲ್ಲ. 1850ರಲ್ಲಿ ಸ್ಕಾಟ್ಲೆಂಡಿನ ಡಂಡೀ ಊರಿನ ಒಬ್ಬ ಕಾರ್ಖಾನೆ ಹುಡುಗನ ಬದುಕಿನ ಪುಸ್ತಕವೊಂದು ಬಂತು. ಗಿರಣಿಯ ಗಡಿಯಾರವನ್ನು ಬೆಳಗ್ಗೆ ಮುಂದಕ್ಕೆ, ಸಂಜೆ ಹಿಂದಕ್ಕೆ ತಿರುಗಿಸುತ್ತಿದ್ದರು ಅಂತ ಅದರಲ್ಲಿದೆ. ಬೆಳಗ್ಗೆ ಬೇಗ ಶುರು, ಸಂಜೆ ತಡವಾಗಿ ಮುಗಿತಾಯ. ಕೆಲಸದವರಿಗೆಲ್ಲ ಗೊತ್ತಿತ್ತು, ಬಾಯಿ ಬಿಡೋ ಧೈರ್ಯ ಇರಲಿಲ್ಲ. ಸ್ವಂತ ಗಡಿಯಾರ ಇಟ್ಕೊಳ್ಳೋಕೂ ಹೆದರುತ್ತಿದ್ದರು, ಸಮಯದ ಬಗ್ಗೆ ಜಾಸ್ತಿ ತಿಳ್ಕೊಂಡವನ ಕೆಲಸ ಹೋಗ್ತಿತ್ತು. ಇತಿಹಾಸಕಾರ ಇ. ಪಿ. ಥಾಂಪ್ಸನ್ 1967ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ಎತ್ತಿ ತೋರಿಸಿದ. ನಮ್ಮ ಹಿಸ್ಟರಿ ಸಿಲಬಸ್ಸಲ್ಲಿ ಕೈಗಾರಿಕಾ ಕ್ರಾಂತಿ ಪಾಠ ಇತ್ತಲ್ಲ, ಉಗಿ ಯಂತ್ರ ಯಾರು ಮಾಡಿದ್ರು ಅಂತ ಬಾಯಿಪಾಠ ಮಾಡಿದ್ವಿ. ಇದು ಇರಲಿಲ್ಲ.

ಗಡಿಯಾರದ ಈ ಮೋಸ ಕಾನೂನು ಮಾಡಬೇಕಾದಷ್ಟು ದೊಡ್ಡದಿತ್ತು. 1844ರ ಬ್ರಿಟಿಷ್ ಕಾರ್ಖಾನೆ ಕಾಯ್ದೆ ಏನಂದಿತು ಅಂದ್ರೆ, ಕೆಲಸದ ಸಮಯವನ್ನು ಸಾರ್ವಜನಿಕ ಗಡಿಯಾರ ನೋಡಿ ಲೆಕ್ಕ ಹಾಕಬೇಕು, ಉದಾಹರಣೆಗೆ ಹತ್ತಿರದ ರೈಲ್ವೆ ಗಡಿಯಾರ. ಧಣಿಯ ಗೋಡೆ ಮೇಲಿನದಲ್ಲ.

ಲಂಡನ್ನಿನಲ್ಲಿ ಸಮಯ ಮಾರೋ ಹೆಂಗಸೂ ಇದ್ದರು. ರೂತ್ ಬೆಲ್ವಿಲ್. ಗ್ರೀನಿಚ್ ವೀಕ್ಷಣಾಲಯಕ್ಕೆ ಹೋಗಿ ತಮ್ಮ ಗಡಿಯಾರ ಸರಿ ಮಾಡ್ಕೊಂಡು, ಅಂಗಡಿ ಅಂಗಡಿಗೆ ಹೋಗಿ ತೋರಿಸಿ ದುಡ್ಡು ತಗೊಳ್ಳೋರು. ಅವರಪ್ಪ 1836ರಲ್ಲಿ ಶುರು ಮಾಡಿದ ಕೆಲಸ, ಆಮೇಲೆ ಅಮ್ಮ, 1892ರಿಂದ 1940ರವರೆಗೆ ಇವರು. ಆ ಗಡಿಯಾರಕ್ಕೆ "ಆರ್ನಲ್ಡ್" ಅಂತ ಹೆಸರಿತ್ತು, ಅದನ್ನು ಮಾಡಿದವನ ಹೆಸರೇ ಅದು. ಸರಿಯಾದ ಸಮಯ ಅನ್ನೋದು ಹಾಲು, ಪೇಪರ್ ಥರ ಮನೆ ಬಾಗಿಲಿಗೆ ಬರ್ತಿತ್ತು ಅನ್ನಿ.

(8/8)

ನಮ್ಮಲ್ಲೂ ಇದೇ ಜಗಳ ನಡೀತು. ಒಂದು ಕಾಲದಲ್ಲಿ ಮದ್ರಾಸ್, ಬಾಂಬೆ, ಕಲ್ಕತ್ತಾ ಮೂರಕ್ಕೂ ಬೇರೆ ಬೇರೆ ಸಮಯ, ರೈಲುಗಳು ಓಡ್ತಿದ್ದಿದ್ದು ಮದ್ರಾಸ್ ಸಮಯದಲ್ಲಿ. 1906ರ ಜನವರಿ 1ರಿಂದ ಈಗಿನ ಭಾರತೀಯ ಪ್ರಮಾಣ ಸಮಯ ಬಂತು. ಬಾಂಬೆ ಗಡಿಯಾರ 39 ನಿಮಿಷ ಮುಂದಕ್ಕೆ ಹೋಗಬೇಕಾಯ್ತು. ಅದೇ ತಿಂಗಳು ಅಲ್ಲಿನ ಒಂದು ಬಟ್ಟೆ ಗಿರಣಿಯ ಕಾರ್ಮಿಕರು ಇದನ್ನು ವಿರೋಧಿಸಿ ಕೆಲಸ ನಿಲ್ಲಿಸಿದರು. ಆ ನಗರದ ಕೆಲವು ಕಡೆ ಹಳೇ ಬಾಂಬೆ ಸಮಯ 1955ರವರೆಗೂ ಉಳಿದಿತ್ತು.

ನಮ್ಮ ಪ್ರಮಾಣ ಸಮಯದ ರೇಖೆ ಇರೋದು 82.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಒಂದು ಡಿಗ್ರಿಗೆ 4 ನಿಮಿಷ. ನಾನೇ ಲೆಕ್ಕ ಹಾಕಿದೆ: ಬೆಂಗಳೂರಲ್ಲಿ ಸೂರ್ಯ ನೆತ್ತಿಗೆ ಬರೋದು ಸರಾಸರಿ 12:20ಕ್ಕೆ. ಮಂಗಳೂರಲ್ಲಿ 12:30 ದಾಟಿದಮೇಲೆ. "ಇಂಡಿಯನ್ ಸ್ಟ್ರೆಚಬಲ್ ಟೈಮ್" ಅಂತ ನಮ್ಮನ್ನು ಆಡಿಕೊಳ್ಳೋರಿಗೆ ಹೇಳಿ, ಕರಾವಳಿಯಲ್ಲಿ ಸೂರ್ಯನೇ ಅರ್ಧ ಗಂಟೆ ಲೇಟು.

ಡಾರ್ಚೆಸ್ಟರ್ ಕಥೆಯನ್ನು ಪ್ರಿಂಟ್ ತೆಗೆದು ಸರ್‌ಗೆ ತೋರಿಸಿದೆ. ನಿಜವಾಗಲೂ ತೋರಿಸಿದೆ, ಕೈ ನಡುಗ್ತಿತ್ತು. ಪೂರ್ತಿ ಓದಿದ್ರು. ನಕ್ಕರು. "ಕೇಸ್ ಚೆನ್ನಾಗಿದೆ ಕಣಮ್ಮ, ಮಾರ್ಕ್ಸ್ ಲಿಸ್ಟ್ ಕಳಿಸಿಯಾಗಿದೆ" ಅಂದ್ರು. ಆಮೇಲೆ ಕುರ್ಚಿ ಎಳೆದು ಹತ್ತಿ, ತಮ್ಮ ಫೋನ್ ನೋಡ್ಕೊಂಡು ಬಾಗಿಲ ಮೇಲಿನ ಗಡಿಯಾರ ಸರಿ ಮಾಡಿದ್ರು. ಅದು ಹೋದ ವಾರ. ನಿನ್ನೆ ನೋಡಿದ್ರೆ ಮತ್ತೆ ಎರಡು ನಿಮಿಷ ಮುಂದೆ ಓಡ್ತಿದೆ.

ಸೋಮವಾರ ಸೆಕೆಂಡ್ ಇಂಟರ್ನಲ್ಸ್. ನಾನು ಒಂದು ಬಸ್ಸು ಮುಂಚೇನೇ ಹತ್ತೀನಿ. ಹಾಲ್ ಹತ್ರ ಬೇಗ ಬರೋರು ಹೇಳಿ, ಹಾಲ್ ಟಿಕೆಟ್ ಜೆರಾಕ್ಸ್ ಅಂಗಡಿ ಅಷ್ಟು ಹೊತ್ತಿಗೆ ತೆಗೆದಿರುತ್ತಾ?

#ಮಾತಿನಹಿಂದಿನಕಥೆ #ಗಡಿಯಾರ #ಇತಿಹಾಸ #ಇಂಟರ್ನಲ್ಸ್